ಬೋಟಿನ ಜಿಪಿಎಸ್, ಫಿಶ್ ಫೈಂಡರ್, ಎಐಎಸ್: ಯಾವುದನ್ನು ಯಾವ ಕೇಬಲ್‌ನಲ್ಲಿ ಜೋಡಿಸೋದು?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ. 61 ದಿನ. ಮಲ್ಪೆಯಲ್ಲಿ ಬೋಟುಗಳು ಒಂದರ ಮೈಗೊಂದು ತಾಗಿ ನಿಂತಿರುತ್ತವೆ. ಬಣ್ಣ, ಬಲೆ, ಇಂಜಿನ್, ವಯರಿಂಗ್ ಎಲ್ಲ ಈ ಮಳೆಯ ನಡುವೆಯೇ ಮುಗಿಯಬೇಕು. ಬೋಟುಗಳ ವಯರಿಂಗ್ ಮಾಡುವ ನನಗೆ ಫೋನ್ ಬರುವುದೂ ಆಗಲೇ. "ಹೊಸ ಡಿಸ್‌ಪ್ಲೇ ತಂದಿದ್ದೇನೆ ಮಾರಾಯ್ರೆ. ಹಿಂದೆ ನಾಲ್ಕು ಥರದ ಸಾಕೆಟ್ ಇದೆ. ಅಂಗಡಿಯವರು ಒಂದು ಹೇಳ್ತಾರೆ, ಪಕ್ಕದ ಬೋಟಿನವರು ಇನ್ನೊಂದು ಹೇಳ್ತಾರೆ. ಯಾವ ಕೇಬಲ್ ಎಳೀಬೇಕು?"

ಈ ಪ್ರಶ್ನೆಗೆ ಫೋನಿನಲ್ಲಿ ಒಂದೇ ಮಾತಿನ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇರುವ ದಾರಿಗಳು ನಾಲ್ಕು. ಹಳೆಯ ಎನ್‌ಎಂಇಎ 0183, ಅದರ ನಂತರ ಬಂದ ಎನ್‌ಎಂಇಎ 2000, ಈಥರ್ನೆಟ್, ಮತ್ತೆ ವೈಫೈ. ಹೆಸರು ಕೇಳಿ ಹೆದರಬೇಡಿ. ಮೊದಲೆರಡು, ಬೋಟಿನ ಉಪಕರಣಗಳು ಒಂದಕ್ಕೊಂದು ಮಾತಾಡುವ ಎರಡು ಭಾಷೆಗಳು. ಭಾಷೆಗೆ ತಕ್ಕಂತೆ ಕೇಬಲ್ ಬೇರೆ, ಅಷ್ಟೆ. ಇವನ್ನು ಇನ್ನು ಮುಂದೆ ಸುಮ್ನೆ 0183, 2000 ಅಂತ ಕರೆಯುತ್ತೇನೆ.

ಮೊದಲು, ಜೋಡಿಸಲೇಬೇಕಾ?

ಎಷ್ಟೋ ಬೋಟುಗಳಿಗೆ ಬೇಡ. ಔಟ್‌ಬೋರ್ಡ್ ಇಂಜಿನ್ನಿನ ನಾಡದೋಣಿಯಲ್ಲಿ ಒಂದೇ ಸೆಟ್‌ನೊಳಗೆ ಜಿಪಿಎಸ್ಸೂ ಫಿಶ್ ಫೈಂಡರೂ (ನೀರಿನ ಆಳ, ಮೀನಿನ ಗುಂಪು ತೋರಿಸುವ ಉಪಕರಣ) ಇದ್ದರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಒಳ್ಳೆಯ ಬ್ಯಾಟರಿ, ಒಂದು ಫ್ಯೂಸ್, ನೀರು ಹೋಗದ ಕಡೆ ಒಂದು ಸ್ಟ್ಯಾಂಡು ಸಾಕು. ನೆಟ್‌ವರ್ಕ್ ಅಂತ ದುಡ್ಡು ಹಾಕಬೇಡಿ.

ಪಿಎಂ ಮತ್ಸ್ಯ ಸಂಪದ ಯೋಜನೆಯಲ್ಲಿ ಬೋಟುಗಳಿಗೆ ಬರುತ್ತಿರುವ ಟ್ರಾನ್ಸ್‌ಪಾಂಡರ್ (ಬೋಟು ಎಲ್ಲಿದೆ ಅಂತ ಉಪಗ್ರಹದ ಮೂಲಕ ದಡಕ್ಕೆ ತಿಳಿಸುವ ಪೆಟ್ಟಿಗೆ) ಕೂಡ ಇದಕ್ಕೆ ಸೇರಿದ್ದಲ್ಲ. ಅದು ಬ್ಲೂಟೂತ್‌ನಲ್ಲಿ ಫೋನಿನ ಜೊತೆ ಮಾತಾಡುತ್ತದೆ. ಅದನ್ನು ಅದರ ಪಾಡಿಗೆ ಬಿಡಿ. ಅದರ ವಯರ್ ಕತ್ತರಿಸಿ ಬೇರೆ ಕಡೆ ಸೇರಿಸುವ ಸಾಹಸ ಬೇಡ.

ಜೋಡಿಸಿದರೆ ನಿಜವಾಗಿ ಲಾಭ ಎಲ್ಲಿ ಅಂದರೆ, ನನ್ನ ಪ್ರಕಾರ ಮೂರು ಕಡೆ. ಫಿಶ್ ಫೈಂಡರ್ ತೋರಿಸುವ ಆಳ, ನೀರಿನ ಉಷ್ಣತೆ ಪ್ಲಾಟರ್‌ನಲ್ಲೂ, ಅಂದರೆ ಬೋಟಿನ ಜಾಗವನ್ನು ನಕ್ಷೆಯ ಮೇಲೆ ತೋರಿಸುವ ಡಿಸ್‌ಪ್ಲೇಯಲ್ಲೂ, ಕಾಣುವುದು ಒಂದು. ಎಐಎಸ್‌ನಲ್ಲಿ (ಹಡಗುಗಳು ತಾವು ಯಾರು, ಎಲ್ಲಿದ್ದೇವೆ ಅಂತ ರೇಡಿಯೋದಲ್ಲಿ ತಾವೇ ಹೇಳುತ್ತಾ ಹೋಗುವ ಪದ್ಧತಿ) ಬರುವ ಹಡಗುಗಳು ಪ್ಲಾಟರ್‌ನ ನಕ್ಷೆಯ ಮೇಲೇ ಕಾಣುವುದು ಇನ್ನೊಂದು. ರಾತ್ರಿ ಬಲೆ ಎಳೆಯುವಾಗ ಕಂಟೇನರ್ ಹಡಗು ಯಾವ ಕಡೆಯಿಂದ ಬರ್ತಿದೆ ಅಂತ ತಿಳಿಯುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಅಗ್ಗ. ಡಿಎಸ್‌ಸಿ (ಬಟನ್ ಒತ್ತಿ ಡಿಜಿಟಲ್ ಕರೆ ಕಳಿಸುವ ಸೌಲಭ್ಯ) ಇರುವ ವಿಎಚ್‌ಎಫ್ ವಯರ್‌ಲೆಸ್ ಸೆಟ್‌ನಲ್ಲಿ ಮುಚ್ಚಳದ ಕೆಳಗೆ ಒಂದು ಕೆಂಪು ಬಟನ್ ಇರುತ್ತದೆ. ಒತ್ತಿ ಹಿಡಿದರೆ ಚಾನಲ್ 70ರಲ್ಲಿ ನಿಮ್ಮ ಬೋಟಿನ ಗುರುತಿನ ಎಂಎಂಎಸ್‌ಐ ನಂಬರ್ ಸಮೇತ ಅಪಾಯದ ಸಂದೇಶ ಹೋಗುತ್ತದೆ. ನಮ್ಮ ದೇಶದ ಬೋಟಾದರೆ ಆ ನಂಬರ್ 419ರಿಂದ ಶುರು. ಆದರೆ ಸೆಟ್‌ನೊಳಗೆ ಜಿಪಿಎಸ್ ಇಲ್ಲದಿದ್ದರೆ, ಹೊರಗಿನ ಜಿಪಿಎಸ್‌ನಿಂದ ವಯರ್ ಬಂದಿಲ್ಲದಿದ್ದರೆ, ನೀವು ಯಾರು ಅಂತ ಗೊತ್ತಾಗುತ್ತದೆ, ಎಲ್ಲಿದ್ದೀರಿ ಅಂತ ಗೊತ್ತಾಗಲ್ಲ. ಜಾಗ ನೀವೇ ಕೈಯಲ್ಲಿ ಹಾಕಬೇಕು. ಬೋಟಿಗೆ ನೀರು ನುಗ್ಗುವಾಗ ಅಕ್ಷಾಂಶ ರೇಖಾಂಶ ಒತ್ತುತ್ತಾ ಕೂರುವವರು ಯಾರು? ಎರಡೇ ಎರಡು ವಯರಿನ ಕೆಲಸ ಇದು. ವಯರ್‌ಲೆಸ್ಸಿನ ಪರದೆಯಲ್ಲಿ ಲ್ಯಾಟಿಟ್ಯೂಡ್, ಲಾಂಗಿಟ್ಯೂಡ್ ಕಾಣುತ್ತಿದ್ದರೆ ವಯರ್ ಸರಿಯಾಗಿದೆ. ಬರೀ ಗೆರೆಗಳು ಕಾಣುತ್ತಿದ್ದರೆ ಇಲ್ಲ. ಇವತ್ತೇ ಹೋಗಿ ನೋಡಿ.

ಏನನ್ನು ನೋಡಿ ಆಯ್ಕೆ ಮಾಡಬೇಕು

ಅಂಗಡಿಯಲ್ಲಿ ಎಲ್ಲರೂ ಮೊದಲು ವೇಗ ಕೇಳುತ್ತಾರೆ, ಆಮೇಲೆ ಬೆಲೆ. ನಾನು ಮೊದಲು ಕೇಳುವುದು ಬೇರೆ: ದಡದಿಂದ 60 ಮೈಲು ಹೊರಗೆ, ರಾತ್ರಿ 2 ಗಂಟೆಗೆ ಇದು ಕೈಕೊಟ್ಟರೆ ಸರಿ ಮಾಡುವವರು ಯಾರು? ಆಳಸಮುದ್ರದ ಟ್ರಾಲ್ ಬೋಟು ಒಮ್ಮೆ ಹೋದರೆ ಹತ್ತು ದಿನ ವಾಪಸ್ ಬರಲ್ಲ. ಅಲ್ಲಿ ಇರುವುದು ತಂಡೇಲ (ಬೋಟಿನ ಮುಖ್ಯಸ್ಥ), ಡ್ರೈವರ್, ಕಲಾಸಿಗಳು (ಕೆಲಸಗಾರರು). ಅವರ ಕೈಗೆ ಬಗ್ಗುವಂಥದ್ದೇ ಆಗಬೇಕು.

ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಇದು: ಪೆಟ್ಟಿಗೆ ಹಾಳಾಗುವುದು ಅಪರೂಪ, ಕೇಬಲ್ ನಡುವೆ ತುಂಡಾಗುವುದು ಇನ್ನೂ ಅಪರೂಪ. ಹಾಳಾಗುವುದು ಜಾಯಿಂಟು. ಹಾಗಾಗಿ ಯಾವ ಪದ್ಧತಿಯಲ್ಲಿ ಎಷ್ಟು ಜಾಯಿಂಟ್ ಬರುತ್ತದೆ, ಅದು ಎಲ್ಲಿ ಬರುತ್ತದೆ, ಒಂದು ಹೋದರೆ ಜೊತೆಗೆ ಏನೇನು ಹೋಗುತ್ತದೆ ಅನ್ನುವುದೇ ಎರಡನೇ ಪ್ರಶ್ನೆ.

ಮೂರನೆಯದು ಬ್ಯಾಟರಿ. ನಿಮ್ಮ ಬೋಟು 12 ವೋಲ್ಟೋ 24 ವೋಲ್ಟೋ? ಇದಕ್ಕೆ ಮುಂದೆ ಬರುತ್ತೇನೆ, ಇದರಲ್ಲಿ ನಾನೇ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ.

ಉಳಿದದ್ದು ಸುಲಭ. ಎಷ್ಟು ಉಪಕರಣ ಇವೆ? ಇನ್ನು ಎರಡು ಮೂರು ವರ್ಷದಲ್ಲಿ ಏನು ಸೇರಿಸುವ ಯೋಚನೆ ಇದೆ? ಈಗಿರುವ ಹಳೆಯ ಸೆಟ್‌ಗಳ ಹಿಂದೆ ಯಾವ ಸಾಕೆಟ್ ಇದೆ? ಆಮೇಲೆ ದುಡ್ಡು.

0183: ಎರಡು ವಯರಿನ ಹಳೇ ನಂಟು

ಇದನ್ನು ತಂಡೇಲರಿಗೆ ಹೇಳಿಕೊಡುವುದು ಸುಲಭ, ಯಾಕೆಂದರೆ ಇದು ವಯರ್‌ಲೆಸ್ ಇದ್ದ ಹಾಗೇ. ಒಬ್ಬ ಮೈಕ್ ಒತ್ತಿ ಮಾತಾಡಿದರೆ ಉಳಿದವರೆಲ್ಲ ಕೇಳಿಸಿಕೊಳ್ಳಬಹುದು. ಇಬ್ಬರು ಒಟ್ಟಿಗೆ ಒತ್ತಿದರೆ ಬರೀ ಗೊರಗೊರ. ಒಂದು ಜೋಡಿ ವಯರಿನಲ್ಲಿ ಮಾತಾಡುವವನು ಒಬ್ಬನೇ ಇರಬೇಕು, ಕೇಳುವವರು ಮೂರು ನಾಲ್ಕು ಇದ್ದರೂ ನಡೆಯುತ್ತದೆ. ಜಿಪಿಎಸ್ ಮಾತಾಡುತ್ತದೆ, ವಿಎಚ್‌ಎಫ್ ಮತ್ತು ಫಿಶ್ ಫೈಂಡರ್ ಕೇಳುತ್ತವೆ. ಇದು ಸರಿ. ಜಿಪಿಎಸ್ಸನ್ನೂ ಎಐಎಸ್ಸನ್ನೂ ಒಂದೇ ಜೋಡಿಗೆ ತಿರುಚಿ ಪ್ಲಾಟರ್‌ಗೆ ಕೊಟ್ಟರೆ ಎರಡೂ ಕಾಣಲ್ಲ. ಹಾಗೆ ಬೇಕಾದರೆ ನಡುವೆ ಮಲ್ಟಿಪ್ಲೆಕ್ಸರ್ ಅನ್ನುವ ಪೆಟ್ಟಿಗೆ ಬೇಕು.

ವೇಗದಲ್ಲಿ ಇದು ಎತ್ತಿನ ಗಾಡಿ. ಸೆಕೆಂಡಿಗೆ 4800 ಬಿಟ್. ಒಂದು ಅಕ್ಷರಕ್ಕೆ 10 ಬಿಟ್ ಹಿಡಿದರೆ ಸೆಕೆಂಡಿಗೆ 480 ಅಕ್ಷರ. ಒಂದು ವಾಕ್ಯ 82 ಅಕ್ಷರದವರೆಗೆ ಇರಬಹುದು, ಅಂದರೆ ಉದ್ದದ ವಾಕ್ಯಗಳು ಸೆಕೆಂಡಿಗೆ ಐದೋ ಆರೋ. ಬೋಟಿನ ಜಾಗ, ವೇಗ, ಆಳ ಹೇಳುವುದಕ್ಕೆ ಇಷ್ಟು ಧಾರಾಳ ಸಾಕು. ನಮ್ಮ ಬೋಟು ವಿಮಾನ ಅಲ್ವಲ್ಲ. ಎಐಎಸ್‌ಗೆ ಮಾತ್ರ ಸಾಲದು, ಅದು 38400ರ ವೇಗದಲ್ಲಿ ಮಾತಾಡುತ್ತದೆ. "ಎಐಎಸ್ ಜೋಡಿಸಿದೆ, ಪ್ಲಾಟರ್‌ನಲ್ಲಿ ಏನೂ ಬರ್ತಿಲ್ಲ" ಅಂದರೆ ಮೊದಲು ಪ್ಲಾಟರ್‌ನ ಸೆಟ್ಟಿಂಗ್‌ನಲ್ಲಿ ಆ ಪೋರ್ಟಿನ ವೇಗ 38400 ಇದೆಯಾ ನೋಡಿ. ಅರ್ಧ ದೂರುಗಳು ಅಲ್ಲೇ ಮುಗಿಯುತ್ತವೆ.

ಇದರ ದೊಡ್ಡ ಗುಣ ಏನು ಗೊತ್ತಾ? ಒಂದು ವಯರ್ ಹೋದರೆ ಅದೊಂದೇ ಹೋಗುತ್ತದೆ. ಫಿಶ್ ಫೈಂಡರಿನ ಜೋಡಿ ಕಿತ್ತರೂ ವಿಎಚ್‌ಎಫ್‌ಗೆ ಜಾಗ ಹೋಗುತ್ತಲೇ ಇರುತ್ತದೆ. ಒಂದು ಸ್ಕ್ರೂಡ್ರೈವರ್, ಒಂದು ಬ್ಲೇಡು, ಸ್ವಲ್ಪ ವಯರ್ ಇದ್ದರೆ ಕಡಲಿನಲ್ಲೇ ಸರಿ ಮಾಡಬಹುದು. ತಿರುಚಿದ ಜೋಡಿ, ಮೇಲೆ ಶೀಲ್ಡ್ (ಲೋಹದ ಹೊದಿಕೆ) ಇರುವ ಡೇಟಾ ಕೇಬಲ್ ಸಾಕು, ಇಡೀ ಕ್ಯಾಬಿನ್ನಿಗೆ ಹೆಚ್ಚು ಖರ್ಚಾಗಲ್ಲ.

ಕಷ್ಟ ಎಲ್ಲಿ ಅಂದರೆ ಬಣ್ಣದಲ್ಲಿ. ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಒಬ್ಬರ ನೀಲಿ ಹೊರಗೆ ಹೋಗುವ ವಯರ್, ಇನ್ನೊಬ್ಬರ ನೀಲಿ ಒಳಗೆ ಬರುವ ವಯರ್. ಪುಸ್ತಕ ನೋಡದೆ ಬಣ್ಣಕ್ಕೆ ಬಣ್ಣ ಸೇರಿಸಬೇಡಿ. ಒಂದರ ಔಟ್ ಎ ಇನ್ನೊಂದರ ಇನ್ ಎಗೆ, ಔಟ್ ಬಿ ಇನ್ ಬಿಗೆ. ಕೆಲವು ಹಳೆಯ ಸೆಟ್‌ಗಳಲ್ಲಿ ಬಿ ಇರಲ್ಲ, ಅದರ ಬದಲು ಗ್ರೌಂಡ್. ಉಪಕರಣ ನಾಲ್ಕು ದಾಟಿತು ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕೋಳಿ ಕೆದರಿದ ಹಾಗೆ ಆಗುತ್ತದೆ. ವಯರಿಂಗ್ ಮಾಡಿದವನು ದುಬೈಗೆ ಹೋದ ಮೇಲೆ ಯಾವುದು ಎಲ್ಲಿಗೆ ಅಂತ ಬಿಡಿಸುವವರು ಯಾರೂ ಇರಲ್ಲ. ಹಾಗಾಗಿ 0183 ಹಾಕಿಸಿದರೆ ಒಂದು ಕಾಗದದಲ್ಲಿ ಬರೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕ್ಯಾಬಿನ್ನಿನ ಬಾಗಿಲ ಒಳಗೆ ಅಂಟಿಸಿಕೊಳ್ಳಿ.

2000: ಒಂದು ದೊಡ್ಡ ಹಗ್ಗ, ಅದಕ್ಕೆ ಕವಲು

ಉದ್ದ ಗಾಳದ ಹಗ್ಗ ನೋಡಿದ್ದೀರಲ್ಲ. ಒಂದು ಮುಖ್ಯ ಹಗ್ಗ, ಅದರಿಂದ ಇಳಿಬಿಟ್ಟ ಸಣ್ಣ ಹಗ್ಗಗಳು, ತುದಿಯಲ್ಲಿ ಗಾಳ. 2000 ಹಾಗೇ. ಮುಖ್ಯ ಹಗ್ಗಕ್ಕೆ ಬ್ಯಾಕ್‌ಬೋನ್ ಅಂತಾರೆ. ನಡುನಡುವೆ ಟಿ ಆಕಾರದ ಕನೆಕ್ಟರ್. ಪ್ರತಿ ಟಿಯಿಂದ ಒಂದು ಡ್ರಾಪ್ ಕೇಬಲ್ ಇಳಿದು ಉಪಕರಣಕ್ಕೆ ಹೋಗುತ್ತದೆ. ಒಂದೇ ಹಗ್ಗದಲ್ಲಿ ಎಲ್ಲರೂ ಮಾತಾಡಬಹುದು, ಎಲ್ಲರೂ ಕೇಳಬಹುದು. ಸರದಿ ಅವೇ ನೋಡಿಕೊಳ್ಳುತ್ತವೆ. ಕಾರುಗಳೊಳಗೆ ಇರುವ ಕ್ಯಾನ್ ಬಸ್ ತಂತ್ರವೇ ಇದು. ವೇಗ ಸೆಕೆಂಡಿಗೆ 250 ಕಿಲೋಬಿಟ್, 0183ರ 50 ಪಟ್ಟಿಗಿಂತ ಜಾಸ್ತಿ.

ಹಾಕುವುದು ನೋಡಿದರೆ ಮಕ್ಕಳಾಟ. ಐದು ಪಿನ್ನಿನ ಕನೆಕ್ಟರ್, ತೋಡಿಗೆ ತೋಡು ಕೂರಿಸಿ ಕೈಯಲ್ಲೇ ತಿರುಗಿಸಿ ಬಿಗಿ ಮಾಡುವುದು. ಮುಂದಿನ ವರ್ಷ ಇನ್ನೊಂದು ಸೆನ್ಸರ್ ತಂದರೆ ಒಂದು ಟಿ ಸೇರಿಸಿದರಾಯಿತು. ಆದರೆ ಇದಕ್ಕೆ ಕಾನೂನು ಜಾಸ್ತಿ, ಮತ್ತೆ ಮುರಿದರೆ ಕ್ಷಮೆ ಇಲ್ಲ.

ಬ್ಯಾಕ್‌ಬೋನಿನ ಎರಡು ತುದಿಗೂ 120 ಓಮ್‌ನ ಟರ್ಮಿನೇಟರ್ (ತುದಿ ಮುಚ್ಚುವ, ಒಳಗೆ ರೆಸಿಸ್ಟರ್ ಇರುವ ಪ್ಲಗ್) ಬೇಕು. ಎರಡೇ, ಒಂದಲ್ಲ, ಮೂರಲ್ಲ. ಒಂದು ಡ್ರಾಪ್ ಕೇಬಲ್ 6 ಮೀಟರ್ ದಾಟಬಾರದು, ಎಲ್ಲ ಡ್ರಾಪ್ ಸೇರಿ 78 ಮೀಟರ್ ದಾಟಬಾರದು. ಸಾಮಾನ್ಯ ತೆಳು ಕೇಬಲ್‌ನಲ್ಲಿ ಬ್ಯಾಕ್‌ಬೋನ್ 100 ಮೀಟರ್‌ವರೆಗೆ, ಉಪಕರಣ 50ರವರೆಗೆ. ನಮ್ಮ 20 ಮೀಟರ್ ಬೋಟಿಗೆ ಕೊನೆಯ ಎರಡು ಲೆಕ್ಕ ತೊಂದರೆಯೇ ಅಲ್ಲ. ಜನ ಎಡವುವುದು ಆ 6 ಮೀಟರ್‌ನಲ್ಲಿ. ಕ್ಯಾಬಿನ್ನಿನಿಂದ ಮಾಸ್ಟಿನ ತುದಿಯ ಆಂಟೆನಾಕ್ಕೆ ಎಂಟು ಹತ್ತು ಮೀಟರ್ ಡ್ರಾಪ್ ಎಳೆದುಬಿಡುತ್ತಾರೆ. ಅದು ಧಕ್ಕೆಯಲ್ಲಿ (ಬೋಟು ಕಟ್ಟುವ ಜಾಗದಲ್ಲಿ) ನಡೆಯುತ್ತದೆ, ಹೊರಗೆ ಹೋದಾಗ ಬಂದುಹೋಗಿ ಮಾಡುತ್ತದೆ. ಮಾಸ್ಟಿಗೆ ಹೋಗುವುದಿದ್ದರೆ ಬ್ಯಾಕ್‌ಬೋನನ್ನೇ ಮೇಲಕ್ಕೆ ತೆಗೆದುಕೊಂಡು ಹೋಗಿ, ಅಲ್ಲೇ ಒಂದು ಟರ್ಮಿನೇಟರ್ ಹಾಕಿ ಮುಗಿಸಿ.

ಈಗ ಬ್ಯಾಟರಿಯ ವಿಷಯ. 2000ದ ಕೇಬಲ್‌ನೊಳಗೆ ಡೇಟಾದ ಜೊತೆ ಕರೆಂಟೂ ಹರಿಯುತ್ತದೆ. ಆ ಕರೆಂಟು 12 ವೋಲ್ಟಿನದು. ಉಪಕರಣಗಳು 9ರಿಂದ 16 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ. ಶುರುವಿನ ದಿನಗಳಲ್ಲಿ ಒಂದು ಬೋಟಿನಲ್ಲಿ ನಾನು ಪವರ್ ಟಿಗೆ, ಅಂದರೆ ಬ್ಯಾಕ್‌ಬೋನಿಗೆ ಕರೆಂಟ್ ಕೊಡುವ ಟಿಗೆ, ಅಲ್ಲೇ ಸಿಕ್ಕ ಪ್ಯಾನಲ್‌ನಿಂದ ಕರೆಂಟ್ ಕೊಟ್ಟೆ. ಪ್ಯಾನಲ್‌ನಲ್ಲಿದ್ದುದು 24. ಸ್ವಿಚ್ ಹಾಕಿದೆ. ಟಿಕ್ ಅಂತ ಕೂಡ ಸದ್ದಾಗಲಿಲ್ಲ. ಮೂರು ಸೆನ್ಸರ್ ಒಟ್ಟಿಗೆ ಹೋದವು. ಒಂದು ವಾಸನೆ ಮಾತ್ರ ಬಂತು. ಮಾಲೀಕರು ಬಯ್ಯಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಆ ಮೂರರ ದುಡ್ಡು ನಾನೇ ಕೊಟ್ಟೆ.

ಹಾಗಾಗಿ 24 ವೋಲ್ಟಿನ ಬೋಟಾದರೆ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಬೇಕೇ ಬೇಕು. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ತೆಗೆಯುವ ಚಾಳಿ ನಮ್ಮಲ್ಲಿ ಇದೆ. ಅದು ಬೇಡ. ಒಂದು ಬ್ಯಾಟರಿ ಸೊರಗುತ್ತದೆ, ಇನ್ನೊಂದು ಹೆಚ್ಚು ಚಾರ್ಜ್ ಆಗಿ ಬೇಯುತ್ತದೆ, ಒಂದೇ ಸೀಸನ್ನಿನಲ್ಲಿ ಜೋಡಿ ಹಾಳು.

ಕರೆಂಟ್ ಕೊಡುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ತೆಳು ಕೇಬಲ್‌ನಲ್ಲಿ ವಯರ್ ಸಣ್ಣದು. ಒಂದು ತುದಿಯಿಂದ ಕೊಟ್ಟು, 20 ಮೀಟರ್ ಆಚೆಯ ತುದಿಯಲ್ಲಿ ಅರ್ಧ ಆಂಪಿಯರ್ ಎಳೆದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಜಾಸ್ತಿ ಸೋರಿಹೋಗುತ್ತದೆ. ಬ್ಯಾಟರಿ ಇಳಿದ ಹೊತ್ತಿನಲ್ಲಿ ಸ್ಟಾರ್ಟರ್ ಒತ್ತಿದರೆ ಸಾಕು, ತುದಿಯ ಸೆನ್ಸರ್ ಕಣ್ಣು ಮುಚ್ಚುತ್ತದೆ. ಪವರ್ ಟಿಯನ್ನು ಬ್ಯಾಕ್‌ಬೋನಿನ ನಡುವೆ ಹಾಕಿ, ಅದಕ್ಕೊಂದು ಫ್ಯೂಸ್ ಕೊಡಿ.

ಕನೆಕ್ಟರಿನ ಹಣೆಬರಹ ಒಂದು ಹೇಳಬೇಕು. ಒಳಗಿನ ಭಾಷೆ ಒಂದೇ ಆದರೂ ಎಲ್ಲ ಕಂಪನಿಗಳ ಪ್ಲಗ್ ಒಂದೇ ಅಲ್ಲ. ರೇಮರೀನ್‌ನ ಸೀಟಾಕ್ ಎನ್‌ಜಿ, ಸಿಮ್ರಾಡ್‌ನ ಹಳೆಯ ಸಿಮ್‌ನೆಟ್, ಎರಡರ ಪ್ಲಗ್ಗೂ ಬೇರೆ. ಅಡಾಪ್ಟರ್ ಕೇಬಲ್ ಸಿಗುತ್ತದೆ, ಹಾಕಿದರೆ ಕೆಲಸ ಮಾಡುತ್ತದೆ. ಸೆಕೆಂಡ್‌ಹ್ಯಾಂಡ್ ಸೆಟ್ ತರುವ ಮೊದಲು ಹಿಂದಿನ ಸಾಕೆಟಿನ ಫೋಟೋ ತರಿಸಿಕೊಳ್ಳಿ.

ದೊಡ್ಡ ದೋಷ ಏನು ಅಂದರೆ, ಎಲ್ಲರೂ ಒಂದೇ ಹಗ್ಗದಲ್ಲಿ. ಒಂದು ಟಿಯೊಳಗೆ ನೀರು ಹೋಗಿ ಶಾರ್ಟ್ ಆದರೆ ಆಳವೂ ಹೋಯಿತು, ಜಿಪಿಎಸ್ಸೂ ಹೋಯಿತು, ಎಐಎಸ್ಸೂ ಹೋಯಿತು. ಆದರೆ ಸರಿ ಮಾಡಲು ಸಲಕರಣೆ ಬೇಡ. ಒಂದೊಂದೇ ಡ್ರಾಪ್ ಬಿಚ್ಚುತ್ತಾ ಬನ್ನಿ, ಯಾವುದು ಬಿಚ್ಚಿದಾಗ ಉಳಿದವು ಜೀವ ಬಂದವೋ ಅದೇ ಕಳ್ಳ. ಯಾವುದು ಬಿಚ್ಚಿದರೂ ಬರದಿದ್ದರೆ ಟಿಗಳನ್ನೇ ಒಂದೊಂದಾಗಿ ಬದಲಿಸಿ ನೋಡಬೇಕು. ಇದಕ್ಕೆ ಬೋಟಿನಲ್ಲಿ ಒಂದು ಡಬ್ಬ ಬೇಕು: ಒಂದು ಟಿ, ಒಂದು ಟರ್ಮಿನೇಟರ್, ಒಂದು ಡ್ರಾಪ್ ಕೇಬಲ್, ಎರಡು ಫ್ಯೂಸ್. 0183ಕ್ಕೆ ಕೈ ಪಳಗಿರಬೇಕು, 2000ಕ್ಕೆ ಡಬ್ಬ ತುಂಬಿರಬೇಕು. ನಿಮ್ಮ ಬೋಟಿನಲ್ಲಿ ಯಾವುದಿದೆ ಅಂತ ನೀವೇ ಹೇಳಬೇಕು. ಡಬ್ಬಕ್ಕೆ ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ದಯವಿಟ್ಟು 2000 ಹಾಕಿಸಬೇಡಿ.

ಈಥರ್ನೆಟ್: ರಾಡಾರ್, ಕ್ಯಾಮೆರಾ ಇದ್ದರೆ ಮಾತ್ರ

ರಾಡಾರಿನ ಚಿತ್ರ, ಸೋನಾರಿನ ಚಿತ್ರ, ಕ್ಯಾಮೆರಾದ ವಿಡಿಯೋ, ಇವು ಮೇಲಿನ ಎರಡರಲ್ಲೂ ಹಿಡಿಸಲ್ಲ. ಇವಕ್ಕೆ ಈಥರ್ನೆಟ್. ಇದು 2000ದ ಬದಲಿಗೆ ಅಲ್ಲ, ಜೊತೆಗೆ. ಈ ವ್ಯತ್ಯಾಸ ತುಂಬಾ ಜನರಿಗೆ ಗೊತ್ತಿಲ್ಲ. "ಈಥರ್ನೆಟ್ ಇದೆಯಲ್ಲ, ಮತ್ತೆ 2000 ಯಾಕೆ?" ಅಂತ ಕೇಳುತ್ತಾರೆ. ರಾಡಾರ್ ಈಥರ್ನೆಟ್‌ನಲ್ಲಿ ಬಂದರೂ ಜಿಪಿಎಸ್, ದಿಕ್ಕಿನ ಸೆನ್ಸರ್ ಸಾಮಾನ್ಯವಾಗಿ 2000ದಲ್ಲೋ 0183ರಲ್ಲೋ ಬರುತ್ತವೆ.

ಇನ್ನೊಂದು ಭ್ರಮೆ: ಪ್ಲಗ್ ಹೊಂದಿದರೆ ಕೆಲಸ ಆಗುತ್ತದೆ ಅನ್ನುವುದು. ಒಂದು ಕಂಪನಿಯ ರಾಡಾರ್ ಇನ್ನೊಂದು ಕಂಪನಿಯ ಡಿಸ್‌ಪ್ಲೇಯಲ್ಲಿ ಸಾಮಾನ್ಯವಾಗಿ ಕಾಣಲ್ಲ, ಕೇಬಲ್ ಎಷ್ಟೇ ಒಳ್ಳೆಯದಿದ್ದರೂ. ರಾಡಾರ್ ತೆಗೆದುಕೊಳ್ಳುವ ಯೋಚನೆ ಇದ್ದರೆ ಡಿಸ್‌ಪ್ಲೇ ಕೊಳ್ಳುವಾಗಲೇ ಆ ಕಂಪನಿಗೆ ಬದ್ಧರಾದಿರಿ ಅಂತ ತಿಳಿಯಿರಿ.

ಕೇಬಲ್ ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೆ ಹೋಗುತ್ತದೆ. ಕ್ಯಾಟ್ 6 ಬೇಕೇ ಬೇಕು ಅಂತ ಹೇಳಿ ಜಾಸ್ತಿ ಹಣ ಕೀಳುವವರಿಗೆ ಕಿವಿಗೊಡಬೇಡಿ. ನೋಡಬೇಕಾದ್ದು ಒಳಗಿನ ಲೋಹ. ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಮೇಲೆ ತಾಮ್ರದ ಬಣ್ಣ, ಕೆರೆದರೆ ಒಳಗೆ ಬೆಳ್ಳಿ ಬಣ್ಣ ಬಂದರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಉಪ್ಪು ಗಾಳಿಯಲ್ಲಿ ಪುಡಿಯಾಗುತ್ತದೆ. ಮೇಲೆ ಬೆಳ್ಳಿ, ಒಳಗೆ ತಾಮ್ರ ಇದ್ದರೆ ಅದು ಕಲಾಯಿ ಹಾಕಿದ ತಾಮ್ರ. ಅದೇ ಬೋಟಿಗೆ ಬೇಕಾದ್ದು. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಯಾಕೆ ಕಲಾಯಿ ಹಾಕಿಸುತ್ತಿದ್ದರೋ ಅದೇ ಕಾರಣಕ್ಕೆ, ಕಿಲುಬು ಹಿಡಿಯಬಾರದು ಅಂತ. ಮತ್ತೆ ಒಂದೇ ಗಟ್ಟಿ ತಂತಿಯ ಕೇಬಲ್ ಬೇಡ, ಅದು ಗೋಡೆಯೊಳಗೆ ಮಲಗುವುದಕ್ಕೆ ಮಾಡಿದ್ದು. ಇಂಜಿನ್ನಿನ ನಡುಕಕ್ಕೆ ಪ್ಲಗ್ಗಿನ ಹತ್ತಿರವೇ ಮುರಿಯುತ್ತದೆ. ಸಣ್ಣ ಎಳೆಗಳ ಕೇಬಲ್ ತನ್ನಿ.

ಕ್ಯಾಮೆರಾ ಹಾಕಿಸುವವರು ಈಗ ಜಾಸ್ತಿಯಾಗಿದ್ದಾರೆ. ವಿಂಚಿನ ಹತ್ತಿರ ಒಂದು, ಇಂಜಿನ್ ರೂಮಿನಲ್ಲಿ ಒಂದು. ಒಳ್ಳೆಯದೇ. ಆದರೆ ಕ್ಯಾಮೆರಾಗಳಿಗೆ ಅದೇ ಕೇಬಲ್‌ನಲ್ಲಿ ಕರೆಂಟ್ ಕೊಡುವ ಅಗ್ಗದ ಪೆಟ್ಟಿಗೆಗಳು ಎದುರಿಗೆ ಯಾರಿದ್ದಾರೆ ಅಂತ ಕೇಳದೆ ವೋಲ್ಟೇಜ್ ನೂಕುತ್ತವೆ. ಅದರ ತುದಿಯನ್ನು ತಪ್ಪಿ ಪ್ಲಾಟರಿಗೆ ಚುಚ್ಚಿದರೆ ಪ್ಲಾಟರ್ ಗತಿ ಮುಗಿಯಿತು. ಕ್ಯಾಮೆರಾದ ಸ್ವಿಚ್ಚೇ ಬೇರೆ ಇರಲಿ, ಕೇಬಲಿನ ಬಣ್ಣವೂ ಬೇರೆ ಇರಲಿ.

ವೈಫೈ

ಫೋನಿನಲ್ಲಿ, ಟ್ಯಾಬ್‌ನಲ್ಲಿ ಅದೇ ನಕ್ಷೆ ನೋಡುವುದಕ್ಕೆ ಚೆನ್ನ. ತಂಡೇಲ ಕ್ಯಾಬಿನ್ನಿನಲ್ಲಿ, ಇನ್ನೊಬ್ಬರು ಡೆಕ್ಕಿನಲ್ಲಿ ಎಐಎಸ್ ನೋಡಬಹುದು. 0183ನ್ನೋ 2000ವನ್ನೋ ವೈಫೈಗೆ ತಿರುಗಿಸುವ ಸಣ್ಣ ಗೇಟ್‌ವೇ ಪೆಟ್ಟಿಗೆ ಸಿಗುತ್ತದೆ. ಹೊಸ ಡಿಸ್‌ಪ್ಲೇ ಹಲವದರಲ್ಲಿ ಅದು ಒಳಗೇ ಇರುತ್ತದೆ, ಬೇರೆ ಕೊಳ್ಳುವ ಮೊದಲು ನೋಡಿಕೊಳ್ಳಿ. ಕಬ್ಬಿಣದ ಕ್ಯಾಬಿನ್ನಾದರೆ ಬಾಗಿಲು ಹಾಕಿದ ಕೂಡಲೇ ಹೊರಗೆ ಸಿಗ್ನಲ್ ಸಾಯುತ್ತದೆ. ಆಟೋಪೈಲಟ್, ವಿಎಚ್‌ಎಫ್‌ಗೆ ಜಾಗ, ಆಳದ ಅಲಾರಂ, ಈ ಮೂರನ್ನು ಮಾತ್ರ ವೈಫೈಗೆ ಒಪ್ಪಿಸಬೇಡಿ.

ಹಾಗಾದರೆ ನಿಮಗೆ ಯಾವುದು?

ಹಳೆಯ ಮರದ ಟ್ರಾಲ್ ಬೋಟು, ಒಂದು ಜಿಪಿಎಸ್, ಒಂದು ಫಿಶ್ ಫೈಂಡರ್, ಒಂದು ವಿಎಚ್‌ಎಫ್. ಕೈಯಲ್ಲಿ ದುಡ್ಡು ಕಡಿಮೆ, ಈ ವರ್ಷ ಬಲೆಯೂ ಹೊಸತಾಗಬೇಕು. 0183 ಸಾಕು, ಎರಡನೇ ಯೋಚನೆಯೇ ಬೇಡ. ಉಳಿದ ದುಡ್ಡಿನಲ್ಲಿ ಬ್ಯಾಟರಿಯ ಟರ್ಮಿನಲ್‌ಗಳನ್ನು ಸರಿ ಮಾಡಿಸಿ. ಎಐಎಸ್ ಇದೆ, ಪ್ಲಾಟರ್‌ಗೆ ಎರಡು ಪೋರ್ಟ್ ಇದೆ ಅಂದರೂ 0183 ನಡೆಯುತ್ತದೆ: ಒಂದಕ್ಕೆ 4800, ಇನ್ನೊಂದಕ್ಕೆ 38400.

ಹೊಸ ಬೋಟು ಕಟ್ಟಿಸುತ್ತಿದ್ದೀರಿ, ಫೈಬರೋ ಕಬ್ಬಿಣವೋ. ಆಗ 2000ದ ಬ್ಯಾಕ್‌ಬೋನ್ ಹಾಕಿಸಿ, ಈಗ ಎರಡೇ ಉಪಕರಣ ಇದ್ದರೂ. ಒಳಗಿನ ಹಲಗೆ ಹೊಡೆಯುವ ಮೊದಲು ಕೇಬಲ್ ಎಳೆಯುವ ಕೂಲಿಗೂ, ಹೊಡೆದ ಮೇಲೆ ಕಿತ್ತು ಎಳೆಯುವ ಕೂಲಿಗೂ ಹೋಲಿಕೆಯೇ ಇಲ್ಲ. ಜೊತೆಗೆ ಮಾಸ್ಟಿಗೂ ಇಂಜಿನ್ ರೂಮಿಗೂ ಒಂದೊಂದು ಖಾಲಿ ಪೈಪು ಬಿಡಿ, ಒಳಗೆ ಎಳೆಯುವ ದಾರ ಸಮೇತ. ಯಾವತ್ತೋ ರಾಡಾರ್ ಬಂದಾಗ ನನ್ನನ್ನು ನೆನೆಯುತ್ತೀರಿ.

ದೊಡ್ಡ ಪರ್ಸೀನ್ ಬೋಟು (ಮೀನಿನ ಗುಂಪಿನ ಸುತ್ತ ಬಲೆ ಹಾಕಿ ಹಿಡಿಯುವ ಬೋಟು), ಸೋನಾರ್ ಇದೆ, ರಾಡಾರ್ ಬೇಕು, ಎರಡು ಡಿಸ್‌ಪ್ಲೇ. ಇಲ್ಲಿ 2000 ಮತ್ತು ಈಥರ್ನೆಟ್ ಎರಡೂ ಬೇಕು. ಆದರೂ ವಿಎಚ್‌ಎಫ್‌ಗೆ ಮಾತ್ರ ಒಂದು ಹಳೆಯ ಸಣ್ಣ ಜಿಪಿಎಸ್‌ನಿಂದ ಬೇರೆಯಾಗಿ 0183ರ ಎರಡು ವಯರ್ ಕೊಡಿಸಿ, ಕರೆಂಟೂ ಬೇರೆ ಫ್ಯೂಸಿನಿಂದ. ದೊಡ್ಡ ನೆಟ್‌ವರ್ಕ್ ಪೂರ್ತಿ ಮಲಗಿದರೂ ಕೆಂಪು ಬಟನ್ ಕೆಲಸ ಮಾಡಬೇಕಲ್ಲ.

ನಡುವಿನವರದ್ದೇ ನಿಜವಾದ ಗೊಂದಲ: ಹಳೆಯ 0183 ಸೆಟ್‌ಗಳು ಚೆನ್ನಾಗಿವೆ, ಹೊಸ ಪ್ಲಾಟರ್ 2000ದ್ದು. ಹಳೆಯದನ್ನೆಲ್ಲ ಎಸೆಯಬೇಡಿ. ಹೊಸ ಪ್ಲಾಟರಿನಲ್ಲಿ 0183 ಪೋರ್ಟೂ ಇದೆಯಾ ನೋಡಿ, ಹಲವದರಲ್ಲಿ ಇರುತ್ತದೆ. ಇಲ್ಲದಿದ್ದರೆ ಎರಡು ಭಾಷೆಯ ನಡುವೆ ದುಭಾಷಿ ಕೆಲಸ ಮಾಡುವ ಕನ್ವರ್ಟರ್ ಸಿಗುತ್ತದೆ. ಆದರೆ ಎರಡು ಮೂರು ಕನ್ವರ್ಟರ್ ಬೇಕಾಗುವ ಹಂತ ಬಂದರೆ ಆ ದುಡ್ಡಿಗೆ ಹಳೆಯ ಸೆಟ್ ಬದಲಿಸುವುದೇ ಮೇಲು.

ಯಾವುದೇ ಹಾಕಿಸಿ, ಎಳೆಯುವಾಗ ನಿಂತು ನೋಡಿ

ಒಮ್ಮೆ ಒಂದು ಬೋಟಿನ ಬ್ಯಾಕ್‌ಬೋನ್ ಯಾವಾಗ ನೋಡಿದರೂ ಕೈಕೊಡುತ್ತಿತ್ತು. ಹುಡುಕಿ ಹುಡುಕಿ ಐಸ್ ರೂಮಿನ ಪಕ್ಕದ ಹಲಗೆ ತೆಗೆದರೆ, ಕನೆಕ್ಟರ್ ತೂತಿನಲ್ಲಿ ಹಿಡಿಸಲ್ಲ ಅಂತ ಯಾರೋ ಕೇಬಲ್ ಕತ್ತರಿಸಿ, ತೂರಿಸಿ, ತಿರುಚಿ, ಇನ್ಸುಲೇಷನ್ ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿದರೆ ಒಳಗಿಂದ ಉಪ್ಪು ನೀರು ತೊಟ್ಟಿಕ್ಕಿತು. ಐದು ಎಳೆಯಲ್ಲಿ ಎರಡು ಹಸಿರು ಪುಡಿ. ಉಳಿದ ಮೂರು ಕೈಗೆ ಬಂದವು. ತೂತು ಇನ್ನು ನಾಲ್ಕು ಮಿಲಿಮೀಟರ್ ದೊಡ್ಡದು ಕೊರೆದಿದ್ದರೆ ಮುಗಿಯುತ್ತಿತ್ತು. ತೂತು ದೊಡ್ಡದಾಗಲಿ, ಗ್ಲ್ಯಾಂಡ್ (ಕೇಬಲ್ ಸುತ್ತ ನೀರು ನುಗ್ಗದಂತೆ ಬಿಗಿಯುವ ಬಿಲ್ಲೆ) ಹಾಕಿ ಮುಚ್ಚಿ, ಕೇಬಲ್ ಕತ್ತರಿಸಬೇಡಿ.

0183ರಲ್ಲಿ ಜಾಯಿಂಟ್ ತಪ್ಪಿಸಲಾಗದಿದ್ದರೆ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬರೀ ಬೆಸುಗೆ ಹಾಕಿದರೆ ಬೆಸುಗೆ ಮುಗಿಯುವ ಜಾಗದಲ್ಲಿ ವಯರ್ ಗಡಸಾಗಿ ನಡುಕಕ್ಕೆ ಮುರಿಯುತ್ತದೆ.

ವಿಎಚ್‌ಎಫ್ ಆಂಟೆನಾದ ದಪ್ಪ ಕೇಬಲ್ ಮತ್ತು ಡೇಟಾ ಕೇಬಲ್ ಒಂದೇ ಕಟ್ಟಿನಲ್ಲಿ ಹೋಗಬಾರದು. ಮೈಕ್ ಒತ್ತಿದಾಗಲೆಲ್ಲ ಆಳದ ಅಂಕಿ ಹಾರಿದರೆ ಕಾರಣ ಅದೇ. ಡೈನಮೋ, ಸ್ಟಾರ್ಟರಿನ ವಯರುಗಳಿಂದಲೂ ದೂರ. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಕ್ಯಾಬಿನ್ನಿನೊಳಗೆ ಬರುವ ಕೇಬಲ್ ತೂತಿಗಿಂತ ಕೆಳಗೆ ಒಮ್ಮೆ ಬಾಗಿ ಮೇಲೇರಿ ಒಳಗೆ ಬರಲಿ, ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಒಂದೊಂದು ಮೊಳಕ್ಕೆ ಒಂದು ಕಪ್ಪು ಕೇಬಲ್ ಟೈ. ಬಿಳಿಯದು ಬಿಸಿಲಿಗೆ ಬೇಗ ಸೀಳುತ್ತದೆ. ಟ್ರಾನ್ಸ್‌ಡ್ಯೂಸರಿನ (ಫಿಶ್ ಫೈಂಡರಿಗೆ ನೀರಿನೊಳಗಿಂದ ಸದ್ದು ಕಳಿಸಿ ಕೇಳುವ ಭಾಗ) ಕೇಬಲ್ ಉದ್ದ ಜಾಸ್ತಿಯಾಯಿತು ಅಂತ ಕತ್ತರಿಸಬೇಡಿ, ಸುರುಳಿ ಮಾಡಿ ಕಟ್ಟಿ. 2000ದ ಶೀಲ್ಡ್ ಅನ್ನು ಪವರ್ ಟಿಯ ಹತ್ತಿರ ಒಂದೇ ಕಡೆ ಗ್ರೌಂಡ್ ಮಾಡಿ. ಕಬ್ಬಿಣದ ಬೋಟಾದರೆ ಇದರಲ್ಲಿ ಉದಾಸೀನ ಬೇಡವೇ ಬೇಡ.

ಕೊನೆಗೆ, 2000 ಹಾಕಿಸಿದವರು ಕೂಲಿ ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಕರೆಂಟ್ ಪೂರ್ತಿ ಆಫ್ ಮಾಡಿ. ಮಲ್ಟಿಮೀಟರ್ ಓಮ್‌ಗೆ ತಿರುಗಿಸಿ. ಯಾವುದಾದರೂ ಡ್ರಾಪ್ ಬಿಚ್ಚಿ, ಬಿಳಿ ಮತ್ತು ನೀಲಿ ವಯರಿನ ಎರಡು ಪಿನ್ನಿಗೆ ಕಡ್ಡಿ ತಾಗಿಸಿ. 60ರ ಹತ್ತಿರ ತೋರಿಸಿದರೆ ಸರಿ. 120 ಅಂದರೆ ಒಂದು ಟರ್ಮಿನೇಟರ್ ಇಲ್ಲ, ಅಥವಾ ಹಗ್ಗ ನಡುವೆ ಎಲ್ಲೋ ತುಂಡಾಗಿದೆ. 40 ಅಂದರೆ ಯಾರೋ ಮೂರನೆಯದನ್ನು ಸೇರಿಸಿದ್ದಾರೆ. ಸಿಕ್ಕ ಅಂಕಿಯನ್ನು ತಾರೀಕಿನ ಜೊತೆ ಡಬ್ಬದ ಮುಚ್ಚಳದ ಒಳಗೆ ಬರೆದಿಡಿ. ಆಗಸ್ಟ್‌ನಲ್ಲಿ ಹೊರಗೆ ಹೋದ ಮೇಲೆ ಏನಾದರೂ ಆಗಿ ನನಗೆ ಫೋನ್ ಸಿಕ್ಕರೆ, ನಾನು ಮೊದಲು ಕೇಳುವುದು ಆ ಅಂಕಿಯನ್ನೇ.